ಪ್ರೊಬೇಷನ್ ಯಾರದ್ದು?

ಮೇ ತಿಂಗಳ ಎರಡನೇ ವಾರ. ಬೆಳಿಗ್ಗೆ ಏಳೂಮುಕ್ಕಾಲಿಗೆ ರಾಯಪುರಂ ಸ್ಟೇಷನ್ನಿನಲ್ಲಿ ಬೀಚ್ ಕಡೆಗೆ ಹೋಗುವ ಲೋಕಲ್‌ಗೆ ಕಾಯುತ್ತಿದ್ದೆ. ಫೋನು ಟಿಂಗ್ ಎಂದಿತು. ಎಚ್‌ಆರ್‌ನಿಂದ ಮೇಲ್. ನನ್ನ ಟೀಮಿನ ಹೊಸ ಹುಡುಗನ ಆರು ತಿಂಗಳ ಪ್ರೊಬೇಷನ್ ಜೂನ್ ಮೊದಲ ವಾರ ಮುಗಿಯುತ್ತದೆ, ಮೇ 31ರೊಳಗೆ ಮೂರರಲ್ಲಿ ಒಂದನ್ನು ಟಿಕ್ ಮಾಡಿ ಕಳಿಸಿ ಎಂದು ಬರೆದಿತ್ತು. ಕೆಲಸ ಖಾಯಂ, ಅವಧಿ ವಿಸ್ತರಣೆ, ಇಲ್ಲವೇ ಬಿಡುಗಡೆ. ಮೂರು ಪುಟ್ಟ ಚೌಕಗಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ರಾಯಪುರಂ ಸಾಮಾನ್ಯ ಸ್ಟೇಷನ್ ಅಲ್ಲ. ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದು ಇಲ್ಲಿಂದಲೇ, 1856ರ ಜುಲೈ 1ರಂದು, ವಾಲಾಜಾ ರೋಡ್‌ಗೆ. ಈಗ ಇಲ್ಲಿ ನಿಲ್ಲುವುದು ಲೋಕಲ್ಲುಗಳು. ಹೆಂಡತಿಗೆ ಪ್ಯಾರಿಸ್ ಕಾರ್ನರ್ ಹತ್ತಿರದ ಬ್ಯಾಂಕಿನಲ್ಲಿ ಕೆಲಸ, ಅದಕ್ಕೇ ಐಟಿಯವರೆಲ್ಲ ದಕ್ಷಿಣದ ಓಎಂಆರ್ ಕಡೆ ಮನೆ ಮಾಡಿದರೆ ನಾವು ಉತ್ತರದಲ್ಲಿ, ಕಾಸಿಮೇಡು ಮೀನು ಬಂದರಿನ ಗಾಳಿ ಕುಡಿದುಕೊಂಡು ಇದ್ದೇವೆ. ಬೀಚ್‌ನಲ್ಲಿ ಇಳಿದು ಪರಕ್ಕುಂ ರಯಿಲ್, ಅಂದರೆ ಹಾರುವ ರೈಲು, ಹತ್ತಿ ತಿರುವಾನ್ಮಿಯೂರಿಗೆ ಹೋಗುವುದು ನನ್ನ ದಿನಚರಿ. ಅಂದು ರೈಲು ಬಂತು, ಹೋಯಿತು. ಹತ್ತಲಿಲ್ಲ. ಮೇಲ್ ಮತ್ತೆ ಮತ್ತೆ ಓದುತ್ತ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ.

ನಾನು ಮ್ಯಾನೇಜರ್ ಆದದ್ದು ಅದಕ್ಕೆ ಏಳು ತಿಂಗಳ ಹಿಂದೆ. ಅದಕ್ಕೂ ಮುಂಚೆ 13 ವರ್ಷ ಕೋಡ್ ಬರೆದಿದ್ದೆ. ಹಳೆಯ ಮ್ಯಾನೇಜರ್ ಕೆಲಸ ಬಿಟ್ಟರು, ಹಿರಿಯ ನಾನೇ ಇದ್ದೆ, ಕೊಟ್ಟರು. ತರಬೇತಿ ಎಂದರೆ ಎರಡು ಗಂಟೆಯ ಒಂದು ಆನ್‌ಲೈನ್ ಕ್ಲಾಸು. ರಜೆ ಹೇಗೆ ಮಂಜೂರು ಮಾಡಬೇಕು, ರೇಟಿಂಗ್ ಯಾವ ಪರದೆಯಲ್ಲಿ ತುಂಬಬೇಕು ಎಂದು ಹೇಳಿಕೊಟ್ಟರು. ತಿಪಟೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: 'ನಿನ್ನ ಕೈಕೆಳಗೆ ಎಷ್ಟು ಜನ?' ಆರು ಜನ ಎಂದೆ. ಅಮ್ಮನಿಗೆ ಖುಷಿಯಾಯಿತು. ನನಗೂ.

ಲಾರೆನ್ಸ್ ಪೀಟರ್ ಎಂಬಾತ 1969ರಲ್ಲಿ 'ಪೀಟರ್ ಪ್ರಿನ್ಸಿಪಲ್' ಎಂಬ ಪುಸ್ತಕ ಬರೆದ. ಮಾಡುತ್ತಿರುವ ಕೆಲಸ ಚೆನ್ನಾಗಿ ಮಾಡಿದವನಿಗೆ ಬಡ್ತಿ ಕೊಡುತ್ತಾ ಹೋಗುತ್ತಾರೆ, ಕೊನೆಗೆ ತನಗೆ ಬಾರದ ಕೆಲಸದ ಕುರ್ಚಿಯಲ್ಲಿ ಅವನು ಕೂತುಬಿಡುತ್ತಾನೆ ಎನ್ನುವುದು ಅದರ ಸಾರ. ಕಾಲೇಜಿನಲ್ಲಿ ಓದಿ ನಕ್ಕಿದ್ದೆ.

ಇನ್ನು ಹುಡುಗನ ವಿಷಯ. ಹೆಸರು ಬೇಡ, ಹುಡುಗ ಎಂದೇ ಕರೆಯುತ್ತೇನೆ. ಬಾಗಲಕೋಟೆ ಕಡೆಯವನು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿದ್ದ. ಇಂಟರ್‌ವ್ಯೂ ಮಾಡಿದ ಮೂವರಲ್ಲಿ ನಾನೂ ಒಬ್ಬ. ಡಿಸೆಂಬರ್ ಮೊದಲ ವಾರ, ಚೆನ್ನೈ ಮಳೆಯಲ್ಲಿ ನೆನೆದ ಬ್ಯಾಗು ಹೊತ್ತು ಬಂದು ಸೇರಿದ. ತರಮಣಿಯ ಪಿಜಿಯೊಂದರಲ್ಲಿ ವಾಸ.

ನಮ್ಮದು ವಿಮೆ ಕ್ಲೇಮುಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರು. ಮೊದಲ ತಿಂಗಳು ಯಾರಿಗಾದರೂ ತಲೆ ತಿರುಗುತ್ತದೆ, ಅದು ಸರಿ. ಎರಡನೇ ತಿಂಗಳು ಎರಡು ದಿನದ ಕೆಲಸಕ್ಕೆ ಎಂಟು ದಿನ ತೆಗೆದುಕೊಂಡ. ದಿನಾ ಬೆಳಿಗ್ಗೆ ಸ್ಟ್ಯಾಂಡಪ್‌ನಲ್ಲಿ 'ಆಲ್ಮೋಸ್ಟ್ ಡನ್' ಎನ್ನುತ್ತಿದ್ದ. ಕೊನೆಗೂ ಕೋಡ್ ರಿವ್ಯೂಗೆ ಬಂದಾಗ ನಾವು ಬರೆದ ಕಾಮೆಂಟುಗಳು 40. ಅದನ್ನು ಸರಿಮಾಡಲು ಇನ್ನೊಂದು ವಾರ. ಆಮೇಲೆ ಮತ್ತೆ 22.

ನಾನು ಏನು ಮಾಡಿದೆ ಗೊತ್ತೇ? ರಾತ್ರಿ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಅವನ ಕೋಡನ್ನು ನಾನೇ ತಿದ್ದಿದೆ. ಒಂದು ಸಲವಲ್ಲ, ಮೂರು ತಿಂಗಳು. ಅವನಿಗೆ ಒಂದು ಮಾತೂ ಹೇಳಲಿಲ್ಲ. 'ಇಟ್ಸ್ ಓಕೆ, ಟೇಕ್ ಯುವರ್ ಟೈಮ್' ಎಂದೆ. ಒಳ್ಳೆಯ ಮ್ಯಾನೇಜರ್ ಅಂದರೆ ಬೈಯದವನು ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ರಾತ್ರಿ ಕೋಡ್ ತಿದ್ದುವುದು ನನಗೆ ಸುಲಭ, ಎದುರು ಕೂತು 'ನಿನ್ನ ಕೆಲಸ ಸಾಲುತ್ತಿಲ್ಲ' ಎನ್ನುವುದು ಕಷ್ಟ. ಸುಲಭದ್ದನ್ನು ಆರಿಸಿಕೊಂಡು ಅದಕ್ಕೆ ಒಳ್ಳೆಯತನ ಎಂದು ಹೆಸರಿಟ್ಟೆ.

ಇನ್ನೊಂದು ಕಾರಣ ನಮ್ಮಂಥ ಹೊರನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಹುಡುಗ ಸೇರಿದ ದಿನವೇ ಟೀಮಿನ ಒಬ್ಬ 'ಉಂಗ ಊರು ಪೈಯನ್ ವಂದಾಚ್ಚು' ಎಂದು ನಕ್ಕಿದ್ದ. ನಿಮ್ಮೂರ ಹುಡುಗ ಬಂದ ಎಂದು. ತಮಾಷೆಯೇ. ಆದರೆ ನನಗೆ ಚುಚ್ಚಿತು. ಕನ್ನಡದವನನ್ನು ಎತ್ತಿಹಿಡಿಯುತ್ತಾನೆ ಎಂದು ಯಾರೂ ಹೇಳಬಾರದು ಎಂದು ಅವನ ಜತೆ ಆಫೀಸಿನಲ್ಲಿ ಒಂದೇ ಒಂದು ಕನ್ನಡ ಮಾತು ಆಡಲಿಲ್ಲ. ಬೇರೆಯವರ ಜತೆ ಟೀ ಕುಡಿಯಲು ಹೋಗುತ್ತಿದ್ದೆ, ಅವನ ಜತೆ ಇಲ್ಲ. ಬೇರೆಯವರಿಗಿಂತ ಅವನಿಗೆ ಕೊಟ್ಟ ಸಮಯ ಕಡಿಮೆ. ಪಕ್ಷಪಾತ ಮಾಡಬಾರದು ಎಂದು ಹೊರಟವನು ಉಲ್ಟಾ ಪಕ್ಷಪಾತ ಮಾಡಿದ್ದೆ.

ಮಾರ್ಚಿನಲ್ಲಿ ನಮ್ಮ ಹಿರಿಯ ಟೆಸ್ಟರ್ ಒಬ್ಬರು ನೇರವಾಗಿ ಹೇಳಿದರು, 'ಅವನ ಹೆಸರಿನಲ್ಲಿ ಬರುವ ಕೋಡು ಅವನದ್ದಲ್ಲ ಅಂತ ಎಲ್ಲರಿಗೂ ಗೊತ್ತು ಸಾರ್. ನೀವು ಯಾರಿಂದ ಮುಚ್ಚಿಡುತ್ತಿದ್ದೀರಿ?' ನನಗೆ ಮುಖ ಎತ್ತಲಾಗಲಿಲ್ಲ. ಆದರೂ ಏನೂ ಮಾಡಲಿಲ್ಲ. ಮೇ ಬಂತು, ಮೇಲ್ ಬಂತು.

ನನ್ನ ಮೇಲಿನವರ ಬಳಿ ಹೋದೆ. ಅವರು ಕೇಳಿದ್ದು ಇಷ್ಟೇ: 'ಅವನಿಗೆ ಯಾವಾಗ, ಏನು ಹೇಳಿದ್ದೀಯ? ಬರೆದಿಟ್ಟಿದ್ದು ಇದೆಯಾ?' ಕ್ಯಾಲೆಂಡರ್ ತೆರೆದು ನೋಡಿದೆ. ಐದು ತಿಂಗಳಲ್ಲಿ ಅವನ ಜತೆ ಹತ್ತು ಸಲ ಕೂರಬೇಕಿತ್ತು. ಏಳನ್ನು ನಾನೇ ರದ್ದು ಮಾಡಿದ್ದೆ. ಉಳಿದ ಮೂರರ ಟಿಪ್ಪಣಿ ಎಂದರೆ 'ಗುಡ್, ಸೆಟ್ಲಿಂಗ್ ಇನ್'. ಅವನನ್ನು ತೆಗೆದುಹಾಕಲು ನನ್ನ ಬಳಿ ಕಾರಣವಿತ್ತು, ಆದರೆ ಅವನು ಕೇಳಿಸಿಕೊಂಡ ಒಂದೇ ಒಂದು ಎಚ್ಚರಿಕೆ ಇರಲಿಲ್ಲ.

ಆ ವಾರ ಸಿಕ್ಕಿದ್ದನ್ನೆಲ್ಲ ಓದಿದೆ. ಎರಡು ಉಪಯೋಗಕ್ಕೆ ಬಂದವು. ಒಂದು, ಇಂಟೆಲ್ ಕಂಪನಿಯ ಆಂಡಿ ಗ್ರೋವ್ 1983ರಲ್ಲಿ ಬರೆದ 'ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್'. ಒಬ್ಬ ಕೆಲಸ ಮಾಡುತ್ತಿಲ್ಲ ಎಂದರೆ ಕಾರಣ ಎರಡೇ ಎನ್ನುತ್ತಾನೆ ಆತ. ಒಂದೋ ಅವನಿಗೆ ಬರುವುದಿಲ್ಲ, ಇಲ್ಲವೇ ಮನಸ್ಸಿಲ್ಲ. ಪ್ರಾಣದ ಮೇಲೆ ಬಂದರೆ ಮಾಡಿಯಾನೇ ಎಂದು ಕೇಳಿಕೊಳ್ಳಿ, ಉತ್ತರ ಸಿಗುತ್ತದೆ. ಎರಡನೆಯದು ಮಂಜೋನಿ ಮತ್ತು ಬಾರ್ಸೂ ಎಂಬಿಬ್ಬರು 1998ರಲ್ಲಿ 'ಹಾರ್ವರ್ಡ್ ಬಿಸಿನೆಸ್ ರಿವ್ಯೂ'ನಲ್ಲಿ ಬರೆದ ಲೇಖನ. ಇವನು ದುರ್ಬಲ ಎಂದು ಮೇಲಿನವನು ಒಮ್ಮೆ ಮನಸ್ಸಿನಲ್ಲಿ ಚೀಟಿ ಅಂಟಿಸಿದರೆ ಸಾಕು, ಅವನ ಜತೆ ನಡೆದುಕೊಳ್ಳುವ ರೀತಿ ಬದಲಾಗುತ್ತದೆ. ಅದು ಅವನಿಗೆ ತಿಳಿಯುತ್ತದೆ, ಮುದುಡುತ್ತಾನೆ, ಇನ್ನಷ್ಟು ಎಡವುತ್ತಾನೆ. ನೋಡಿ, ನಾನು ಹೇಳಿರಲಿಲ್ಲವೇ ಎಂದು ಮೇಲಿನವನು ತಲೆಯಾಡಿಸುತ್ತಾನೆ. ಓದುವಾಗ ಯಾರೋ ನನ್ನ ಕ್ಯಾಬಿನ್ನಿನಲ್ಲಿ ಕ್ಯಾಮೆರಾ ಇಟ್ಟಿದ್ದರೇ ಅನಿಸಿತು.

ಗ್ರೋವ್‌ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಹುಡುಗನಿಗೆ ಬರುವುದಿಲ್ಲವೋ, ಮನಸ್ಸಿಲ್ಲವೋ? ಐದು ತಿಂಗಳು ಅವನ ಕೋಡ್ ತಿದ್ದಿದವನು ಅವನನ್ನು ಕೇಳಿಯೇ ಇರಲಿಲ್ಲ.

ಮೀನು ಬಂದರಿನ ಮಾತು ಇಲ್ಲಿ ಬರುತ್ತದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರ ತನಕ, 61 ದಿನ, ಯಾಂತ್ರೀಕೃತ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ. ಆಗ ಕಾಸಿಮೇಡಿನಲ್ಲಿ ದೋಣಿಗಳಿಗೆ ಬಣ್ಣ, ಎಂಜಿನ್ ರಿಪೇರಿ, ಬಲೆ ಹೆಣೆಯುವ ಕೆಲಸ. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಹಳೆಯ ದೋಣಿ ಡ್ರೈವರ್ ಒಬ್ಬರು ಸಿಗುತ್ತಾರೆ, ಅಣ್ಣಾಚಿ ಎನ್ನುತ್ತೇನೆ. ಭಾನುವಾರ ಸುಮ್ಮನೆ ಕೇಳಿದೆ, 'ಹೊಸ ಹುಡುಗ ದೋಣಿಗೆ ಬಂದರೆ ಹೇಗೆ ಕಲಿಸ್ತೀರಿ ಅಣ್ಣಾಚಿ?'

ಅವರು ಹೇಳಿದ್ದು: ಮೊದಲು ಬಲೆ ಮುಟ್ಟಲು ಬಿಡುವುದಿಲ್ಲ. ಮೀನು ಬೇರ್ಪಡಿಸು, ಐಸ್ ಹಾಕು, ತೊಳೆ. ತಪ್ಪು ಮಾಡಿದರೆ ಆ ಕ್ಷಣವೇ ಹೇಳುತ್ತೇವೆ. ದಡಕ್ಕೆ ಬಂದ ಮೇಲೆ ಹೇಳೋಣ ಎಂದರೆ ಅಷ್ಟರಲ್ಲಿ ಹಗ್ಗ ಅವನ ಕಾಲಿಗೇ ಸುತ್ತಿರುತ್ತದೆ. ಕೆಲವರಿಗೆ ಎಷ್ಟು ಸಲ ಹೋದರೂ ಸಮುದ್ರ ಒಗ್ಗುವುದಿಲ್ಲ, ವಾಂತಿ ನಿಲ್ಲುವುದಿಲ್ಲ. ಅಂಥವರು ಏಲದಲ್ಲೋ ಬಲೆ ಕೆಲಸದಲ್ಲೋ ನಿಲ್ಲುತ್ತಾರೆ. ಅದರಲ್ಲಿ ನಾಚಿಕೆ ಏನಿದೆ?

ನಮ್ಮಲ್ಲಿ ಹಗ್ಗ ಕಾಲಿಗೆ ಸುತ್ತಿದ್ದು ಯಾರಿಗೂ ಕಾಣುವುದಿಲ್ಲ. ಲ್ಯಾಪ್‌ಟಾಪಿನ ಹಿಂದೆ ಎಲ್ಲರೂ ಒಂದೇ ತರಹ ಕೂತಿರುತ್ತಾರೆ. ಅದಕ್ಕೇ ಕೇಳಲೇಬೇಕು.

ಮುಂದಿನ ಶನಿವಾರ ಹುಡುಗನನ್ನು ಮನೆಗೆ ಊಟಕ್ಕೆ ಕರೆದೆ. ಹೆದರಿಕೊಂಡೇ ಬಂದ. ಹೆಂಡತಿ ಚಪಾತಿ, ಎಣಗಾಯಿ ಮಾಡಿದ್ದಳು. 'ಬಾಪ್ಪ, ಕೂತ್ಕೊ, ನಮ್ಮ ಕಡೆ ರೊಟ್ಟಿ ಬಡಿಯೋಕೆ ಬರಲ್ಲ' ಎಂದಳು. ಅವಳಿಗೆ 'ನೀನು' ಎಂಬುದು ತಾನಾಗಿ ಬಂತು. ನನಗೆ ಕನ್ನಡದಲ್ಲಿ ಬಾಯಿ ತೆರೆಯುವಾಗ ತಡವರಿಸಿತು. ನೀನು ಎನ್ನಲೋ, ನೀವು ಎನ್ನಲೋ? ಇಂಗ್ಲಿಷಿನ 'ಯು' ಹಿಂದೆ ಐದು ತಿಂಗಳು ಅಡಗಿಕೊಂಡಿದ್ದೆ. ಕೊನೆಗೆ ನೀನು ಎಂದೇ ಶುರು ಮಾಡಿದೆ. 'ನೋಡಪ್ಪ, ನಿನ್ನ ಕೆಲಸ ಸಾಲುತ್ತಿಲ್ಲ. ಇದನ್ನ ಜನವರಿಯಲ್ಲೇ ಹೇಳಬೇಕಿತ್ತು, ಹೇಳದ್ದು ನನ್ನ ತಪ್ಪು. ಏನಾಗ್ತಿದೆ ಹೇಳು.'

ಸ್ವಲ್ಪ ಹೊತ್ತು ತಟ್ಟೆ ನೋಡುತ್ತ ಕೂತಿದ್ದ. ಆಮೇಲೆ ಹೇಳಿದ, 'ಸುಳ್ಳು ಹೇಳಂಗಿಲ್ರಿ ಸರ್. ಮೀಟಿಂಗ್‌ನ್ಯಾಗ ಅರ್ಧ ನಂಗ ತಿಳಿಯಂಗಿಲ್ರಿ. ಐದು ಮಿನಿಟ್ ಇಂಗ್ಲಿಷ್‌ನ್ಯಾಗ ಮಾತಾಡ್ತಾರ, ಆಮ್ಯಾಲೆ ಎಲ್ಲಾ ತಮಿಳ್ ಆಗಿಬಿಡ್ತೈತ್ರಿ. ಮತ್ತೊಮ್ಮೆ ಹೇಳ್ರಿ ಅಂತ ಎರಡು ಸಲ ಕೇಳಿದ್ನಿ. ಮೂರನೇ ಸಲ ಕೇಳಾಕ ನಾಚಿಕಿ ಆತ್ರಿ.'

ನನಗೆ ಊಟ ಗಂಟಲಲ್ಲಿ ನಿಂತಿತು. ಒಂಬತ್ತು ವರ್ಷದ ಹಿಂದೆ ನಾನು ಚೆನ್ನೈಗೆ ಬಂದಾಗ ತಮಿಳಿನ ಸೀನಿಯರ್ ಒಬ್ಬರು ಪ್ರತಿ ಮೀಟಿಂಗಿನಲ್ಲಿ 'ಇವನಿಗಾಗಿ ಇಂಗ್ಲಿಷ್' ಎಂದು ಮೇಜು ತಟ್ಟುತ್ತಿದ್ದರು. ಈಗ ನನಗೆ ತಮಿಳು ಸಲೀಸು. ಮೀಟಿಂಗ್ ಯಾವಾಗ ತಮಿಳಿಗೆ ತಿರುಗುತ್ತದೆ ಎಂಬುದೇ ನನ್ನ ಕಿವಿಗೆ ಬೀಳುವುದಿಲ್ಲ. ಮೇಜು ತಟ್ಟುವ ಸರದಿ ನನ್ನದಾಗಿತ್ತು, ಮರೆತಿದ್ದೆ.

ಇನ್ನೂ ಹೇಳಿದ. ಹಳೆಯ ಕಂಪನಿಯಲ್ಲಿ ಕೋಡ್ ರಿವ್ಯೂ ಎಂಬುದೇ ಇರಲಿಲ್ಲವಂತೆ. 40 ಕಾಮೆಂಟು ಎಂದರೆ 40 ಬೈಗುಳ ಎಂದುಕೊಂಡಿದ್ದಾನೆ. ಅದಕ್ಕೇ ಪೂರ್ತಿ ಸರಿಯಾಗುವ ತನಕ ಕಳಿಸಬಾರದು ಎಂದು ಎಂಟೆಂಟು ದಿನ ಹಿಡಿದಿಟ್ಟುಕೊಳ್ಳುತ್ತಿದ್ದ. ಎರಡನೇ ವಾರ ಒಮ್ಮೆ ನನಗೆ ಚಾಟ್‌ನಲ್ಲಿ ಸಂದೇಹ ಕೇಳಿದ್ದನಂತೆ. ನಾನು ಒಂದು ಲಿಂಕ್ ಕಳಿಸಿ ಸುಮ್ಮನಾಗಿದ್ದೆ. ನನಗದು ನೆನಪೇ ಇಲ್ಲ. ಅವನಿಗೆ ತಾರೀಖು ಸಮೇತ ನೆನಪಿತ್ತು.

ಕೊನೆಯಲ್ಲಿ ಹೇಳಿದ್ದು ಬೇರೆಯೇ. ರೆಸ್ಯೂಮೆಯಲ್ಲಿ ಎರಡು ವರ್ಷ ಜಾವಾ ಅನುಭವ ಎಂದು ಬರೆದಿದ್ದ. ನಿಜಕ್ಕೂ ಮಾಡಿದ್ದು ಆರು ತಿಂಗಳು, ಉಳಿದದ್ದು ಪಿಎಚ್‌ಪಿ. 'ಎಲ್ಲಾರೂ ಹಂಗ ಬರೀತಾರ ಅಂತ ಬರದ್ನಿ. ಅವತ್ತಿಂದ ನಿದ್ದಿ ಇಲ್ರಿ.'

ಇದು ಸಣ್ಣ ವಿಷಯವಲ್ಲ. ಮೂರನೇ ಚೌಕಕ್ಕೆ ಟಿಕ್ ಹಾಕಲು ಬೇಕಾದ ಕಾರಣವನ್ನು ಅವನೇ ನನ್ನ ಕೈಗೆ ಕೊಟ್ಟಿದ್ದ. ಆ ರಾತ್ರಿ ಬಹಳ ಯೋಚಿಸಿದೆ. ಹೇಳದೇ ಮುಚ್ಚಿಟ್ಟರೆ ಮತ್ತೆ ಅದೇ ರಾತ್ರಿ ಕೋಡ್ ತಿದ್ದುವ ಕೆಲಸ. ಹೇಳಿದರೆ, ನಂಬಿ ಬಾಯಿಬಿಟ್ಟವನ ಕೆಲಸ ಹೋಗಬಹುದು. ಭಾನುವಾರ ಫೋನ್ ಮಾಡಿ, 'ಇದನ್ನ ನನ್ನ ಮೇಲಿನವರಿಗೆ ಹೇಳಲೇಬೇಕು. ನನ್ನ ಬದಲು ನೀನೇ ಹೇಳಿದರೆ ಚೆಂದ, ಪಕ್ಕದಲ್ಲಿ ನಾನಿರ್ತೀನಿ' ಎಂದೆ. ಸೋಮವಾರ ಹೇಳಿದ. ಮೇಲಿನವರು ಅವನನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದರು, 'ಇಂಟರ್‌ವ್ಯೂನಲ್ಲಿ ಜಾವಾ ಬಗ್ಗೆ ಎಷ್ಟು ಕೇಳಿದೆ?' ಮೂರು ಪ್ರಶ್ನೆ ಎಂದೆ. 'ಮೂರು ತಿಂಗಳು ವಿಸ್ತರಿಸು. ಜವಾಬ್ದಾರಿ ನಿನ್ನದು, ಬರೆದು ಕೊಡು' ಎಂದರು. ಬರೆದು ಕೊಟ್ಟೆ.

ಪಿಐಪಿ ಎಂಬ ಮೂರಕ್ಷರ ಕೇಳಿದರೆ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ನಡುಕ. ಕಾಗದದಲ್ಲಿ ಅದು ಸುಧಾರಣಾ ಯೋಜನೆ, ನಡೆಯುವಲ್ಲಿ ಅನೇಕ ಕಡೆ ಮನೆಗೆ ಕಳಿಸುವ ಮುನ್ನಿನ ಶಾಸ್ತ್ರ. ನಾವು ಮಾಡಿಕೊಂಡಿದ್ದು ಒಂದೇ ಪುಟದ ಒಪ್ಪಂದ. ಯಾವ ಕೆಲಸವೂ ಎರಡು ದಿನಕ್ಕಿಂತ ದೊಡ್ಡದಿರಬಾರದು. ಅರ್ಧಂಬರ್ಧ ಇದ್ದರೂ ಸಂಜೆಗೆ ಕೋಡ್ ಕಳಿಸಬೇಕು. ಅರ್ಧ ಗಂಟೆ ಸಿಕ್ಕಿಹಾಕಿಕೊಂಡರೆ ಕೇಳಬೇಕು, ಕೇಳಿದವನನ್ನು ಯಾರೂ ಲಿಂಕ್ ಕೊಟ್ಟು ಕಳಿಸಬಾರದು. ದಿನಕ್ಕೊಂದು ಗಂಟೆ ಟೀಮಿನ ಒಬ್ಬಳ ಪಕ್ಕ ಕೂತು ಕಲಿಯಬೇಕು. ಮೀಟಿಂಗ್ ಇಂಗ್ಲಿಷಿನಲ್ಲಿ, ತಪ್ಪಿದರೆ ಮೇಜು ತಟ್ಟುವುದು ನನ್ನ ಕೆಲಸ. ಪ್ರತಿ ಶುಕ್ರವಾರ 20 ನಿಮಿಷ ಇಬ್ಬರೂ ಕೂತು, ಏನು ಸರಿಯಾಯಿತು, ಏನಾಗಲಿಲ್ಲ ಎಂದು ಬರೆದಿಡಬೇಕು. ಕೊನೆಯ ಸಾಲು ಬರೆಯುವಾಗ ಕೈ ನಿಂತಿತು, ಆದರೂ ಬರೆದೆ: ಸೆಪ್ಟೆಂಬರಿಗೆ ಇದು ಆಗದಿದ್ದರೆ ಕೆಲಸ ಇರುವುದಿಲ್ಲ. ಓದಿ, ಅವನು ನೇರ ಕೂತ. ಅಷ್ಟು ದಿನ ಅಂದಾಜಿನಲ್ಲಿ ಹೆದರಿದ್ದವನಿಗೆ ಈಗ ಹೆದರಬೇಕಾದದ್ದು ಎಷ್ಟು ಎಂದು ಗೊತ್ತಾಗಿತ್ತು.

ಜೂನ್ ಪೂರ್ತಿ ಹೆಚ್ಚು ಬದಲಾವಣೆ ಕಾಣಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆರೆಯುವ ಆಸೆಯನ್ನು ಎಷ್ಟೋ ಸಲ ನುಂಗಿದೆ. ಜುಲೈನಲ್ಲಿ ಕಾಮೆಂಟುಗಳು ಹತ್ತರ ಕೆಳಗೆ ಬಂದವು. ಆಗಸ್ಟಿನಲ್ಲಿ ಒಂದು ದಿನ ತಪ್ಪು ಸ್ಕ್ರಿಪ್ಟ್ ಓಡಿಸಿ ಟೆಸ್ಟ್ ಡೇಟಾಬೇಸ್ ಅಳಿಸಿಬಿಟ್ಟ. ಹತ್ತೇ ನಿಮಿಷದಲ್ಲಿ ಅವನೇ ಎದ್ದು ಬಂದು ಹೇಳಿದ. ಅರ್ಧ ದಿನ ಎಲ್ಲರ ಕೆಲಸ ನಿಂತಿತು. ಆದರೆ ಜನವರಿಯ ಹುಡುಗನಾಗಿದ್ದರೆ ಅದನ್ನು ಎರಡು ದಿನ ಅಡಗಿಸಿಟ್ಟಿರುತ್ತಿದ್ದ. ಅವನು ಬದಲಾಗಿದ್ದಾನೆ ಎಂದು ನನಗೆ ನಂಬಿಕೆ ಬಂದದ್ದು ಅವತ್ತೇ.

ಇಷ್ಟಾದರೂ ಕತೆ ಸಿನಿಮಾದಂತೆ ಮುಗಿಯಲಿಲ್ಲ. ಸೆಪ್ಟೆಂಬರಿಗೂ ಹೊಸ ಕೋಡ್ ಬರೆಯುವ ವೇಗ ನಮಗೆ ಬೇಕಾದಷ್ಟು ಬರಲಿಲ್ಲ. ಆದರೆ ಈ ನಡುವೆ ಒಂದು ಸಂಗತಿ ಕಂಡಿತ್ತು. ಕ್ಲೇಮಿನ ಲೆಕ್ಕ ತಾಳೆಯಾಗದಿದ್ದಾಗ ಸಾವಿರಾರು ಸಾಲು ಲಾಗ್ ಓದಿ ಎಲ್ಲಿ ತಪ್ಪಿದೆ ಎಂದು ಹುಡುಕುವುದರಲ್ಲಿ ಅವನಷ್ಟು ತಾಳ್ಮೆ ಟೀಮಿನಲ್ಲಿ ಯಾರಿಗೂ ಇರಲಿಲ್ಲ. ಪ್ರೊಡಕ್ಷನ್ ಸಪೋರ್ಟ್ ಟೀಮಿನಲ್ಲಿ ಜಾಗ ಖಾಲಿಯಿತ್ತು, ಅಲ್ಲಿ ಖಾಯಂ ಆದ. ಈಗ ಅಲ್ಲಿಯವರು ಅವನನ್ನು ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ದಿನಕ್ಕೊಂದು ಗಂಟೆ ಅವನ ಜತೆ ಕೂತ ಹುಡುಗಿಯ ಸ್ವಂತ ಕೆಲಸ ಹಿಂದೆ ಬಿತ್ತು. ಅಪ್ರೈಸಲ್ ಹೊತ್ತಿಗೆ ಅವಳು ಕೇಳಿದಳು, 'ಅವನನ್ನ ಉಳಿಸಿದ್ದು ನೀವು ಅಂತ ಎಲ್ಲರೂ ಹೇಳ್ತಾರೆ ಸಾರ್. ನನ್ನ 60 ಗಂಟೆ ಎಲ್ಲಿ ಲೆಕ್ಕಕ್ಕೆ ಬಂತು?' ನನ್ನಲ್ಲಿ ಉತ್ತರ ಇರಲಿಲ್ಲ. ಅವಳ ರೇಟಿಂಗಿಗಾಗಿ ವಾದ ಮಾಡಿದೆ, ಪೂರ್ತಿ ಗೆಲ್ಲಲಿಲ್ಲ. ಒಬ್ಬನನ್ನು ನೋಡದೇ ಮಾಡಿದ ತಪ್ಪು ತಿದ್ದುವಾಗ ಇನ್ನೊಬ್ಬಳನ್ನು ನೋಡಿರಲಿಲ್ಲ. ಇಂಥ ಕೆಲಸ ಯಾರಿಗಾದರೂ ವಹಿಸಿದರೆ ಅವರ ಬೇರೆ ಕೆಲಸವನ್ನು ಮೊದಲೇ ಅಷ್ಟು ಕಡಿಮೆ ಮಾಡಬೇಕು ಎಂಬುದು ಆಮೇಲೆ ಕಲಿತ ಪಾಠ.

ಓದುಗರಲ್ಲಿ ಹೊಸದಾಗಿ ಮ್ಯಾನೇಜರ್ ಆದವರು ಇದ್ದರೆ ಇಷ್ಟು ಹೇಳುತ್ತೇನೆ. ಹೇಳಬೇಕಾದದ್ದನ್ನು ಆ ವಾರವೇ ಹೇಳಿ, ಮೆತ್ತಗೆ ಹೇಳಿ, ಆದರೆ ಹೇಳಿ. ಇನ್ನೊಬ್ಬರ ಕೆಲಸವನ್ನು ರಾತ್ರಿ ಕದ್ದು ಮಾಡಬೇಡಿ. ಅವರಿಗೆ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು ನೀವು ಏನು ಹೇಳಿಕೊಟ್ಟಿದ್ದೀರಿ ಎಂದು ಕ್ಯಾಲೆಂಡರ್ ತೆರೆದು ನೋಡಿ. ಎಲ್ಲ ಮಾಡಿಯೂ ಆಗದಿದ್ದರೆ ಕಳಿಸಲೇಬೇಕಾಗುತ್ತದೆ, ಅದೂ ಈ ಕೆಲಸದ ಭಾಗವೇ. ಆದರೆ ಅವರಿಗೆ ಆ ದಿನ ಅದು ಹೊಸ ಸುದ್ದಿಯಾಗಿರಬಾರದು. ಹೊಸ ಊರಿಗೆ ಕೆಲಸಕ್ಕೆ ಹೋಗುವ ತಮ್ಮ ತಂಗಿಯರಿಗೂ ಒಂದು ಮಾತು: ಮೂರನೇ ಸಲ ಕೇಳಲು ನಾಚಿಕೊಳ್ಳಬೇಡಿ. ನಾಚಿಕೆ ಒಂದು ದಿನದ್ದು, ಅದನ್ನು ನುಂಗಿಕೊಂಡರೆ ಆರು ತಿಂಗಳದ್ದು.

ಟೀಮ್ ಬದಲಾದ ದಿನ ಹುಡುಗ ಟೀಗೆ ಕರೆದ. ನಡುವೆ ಹೇಳಿದ, 'ಮೊದಲ್ನೇ ತಿಂಗಳದಾಗ ಬೈದಿದ್ರ ಛಲೋ ಇತ್ತ್ರಿ ಸರ್.' ನಗುತ್ತಲೇ ಹೇಳಿದ. ಫೆಬ್ರವರಿಯಲ್ಲಿ ಒಮ್ಮೆ ಕೆಲಸ ಬಿಟ್ಟು ಬರುತ್ತೇನೆ ಎಂದು ಮನೆಗೆ ಫೋನ್ ಮಾಡಿ ಅತ್ತಿದ್ದನಂತೆ. ಅದನ್ನೂ ಅವತ್ತೇ ಹೇಳಿದ್ದು.

ಹೋದ ತಿಂಗಳು ಟೀಮಿಗೆ ಇನ್ನಿಬ್ಬರು ಸೇರಿದ್ದಾರೆ. ಒಬ್ಬಳು ಕೊಚ್ಚಿಯವಳು, ಒಬ್ಬ ಒಡಿಶಾದವನು. ಶುಕ್ರವಾರದ 20 ನಿಮಿಷ ಕ್ಯಾಲೆಂಡರಿನಲ್ಲಿದೆ. ಕಳೆದ ವಾರ ಕೆಲಸ ತಲೆಗೆ ಮೀರಿತ್ತು, ರದ್ದು ಮಾಡೋಣ ಎಂದು ಬಟನ್ ತನಕ ಬೆರಳು ಹೋಯಿತು. ಹಿಂದೆ ತೆಗೆದೆ. ನನ್ನ ಪ್ರೊಬೇಷನ್ ಇನ್ನೂ ಮುಗಿದಿಲ್ಲ.